ಕತ್ತಿ ಯಾರ ಕೈಯಲ್ಲಿತ್ತು?

ಕಳೆದ ದೀಪಾವಳಿಗೆ ಅಕ್ಕನ ಮಗ ಬೆಂಗಳೂರಿನಿಂದ ನಮ್ಮ ಮನೆಗೆ ಬಂದಿದ್ದ. ನೀರು ತುಂಬುವ ಹಬ್ಬದ ದಿನ ಬೆಳಿಗ್ಗೆ ನಾನು ಬಚ್ಚಲಲ್ಲಿ ಹುಣಿಸೆಹಣ್ಣು ಹಚ್ಚಿ ಹಂಡೆ ತಿಕ್ಕುತ್ತಿದ್ದರೆ ಈ ಹುಡುಗ ಹಿತ್ತಿಲ ಜಗುಲಿಯ ಮೇಲೆ ಒಂದು ಮರದ ಪೆಟ್ಟಿಗೆ ಬಿಚ್ಚಿಕೊಂಡು ಕೂತ. ಒಳಗೆ ನೀಲಿ ಮಖಮಲ್ಲಿನ ಮೇಲೆ, ಮದುವೆಯ ಸರ ಮಲಗಿಸಿದ ಹಾಗೆ, ಒಂದು ಮಡಿಸುವ ಕ್ಷೌರದ ಕತ್ತಿ. ಪಕ್ಕದಲ್ಲಿ ಅದನ್ನು ಮಸೆಯುವ ತೊಗಲಿನ ಪಟ್ಟಿ, ಒಂದು ಬ್ರಷ್ಷು, ಒಂದು ತುಂಡು ಪಟಿಕ. ಎಲ್ಲ ಸೇರಿ ಆರು ಸಾವಿರವಂತೆ. "ನೋಡಿ ಚಿಕ್ಕಮ್ಮ, ಇದು ನಿಜವಾದ ಶೇವಿಂಗ್. ಹಿಂದಿನವರು ಸುಮ್ಮನೆ ಮಾಡ್ತಿರಲಿಲ್ಲ. ಚಿಕ್ಕಪ್ಪ ಇಷ್ಟು ವರ್ಷ ಮಾಡ್ಕೊಂಡಿದ್ದೆಲ್ಲ ಮಕ್ಕಳಾಟ" ಎಂದ. ಮೂವತ್ತು ವರ್ಷದಿಂದ ಒಂದೇ ಸೇಫ್ಟಿ ರೇಜರ್ ಇಟ್ಟುಕೊಂಡಿರುವ ನಮ್ಮ ಮನೆಯವರು, ಕಾಪಿ ಹೊಡೆದು ಸಿಕ್ಕಿಬಿದ್ದ ಹುಡುಗನ ಮುಖ ಮಾಡಿಕೊಂಡು ಅದನ್ನು ಟವೆಲ್ಲಿನಲ್ಲಿ ಮುಚ್ಚಿಟ್ಟರು.

ಆಮೇಲೆ ತಿಂಡಿಯ ಹೊತ್ತಿಗೂ ಅದೇ ಮಾತು. ಕತ್ತಿ ಒಂದು ಕಲೆ, ಒಂದು ತಪಸ್ಸು, ಅದು ಗಂಡಸುತನ, ಅಜ್ಜಂದಿರ ಕಾಲದ ಗಾಂಭೀರ್ಯ. ನಾನು ದೋಸೆ ಮಗುಚುತ್ತ, "ಅಜ್ಜಂದಿರು ಯಾರಪ್ಪಾ ತಾವೇ ಮಾಡಿಕೊಳ್ಳುತ್ತಿದ್ದವರು?" ಎಂದೆ. ಇಬ್ಬರೂ ಒಟ್ಟಿಗೆ ನಕ್ಕರು. "ಇದರಲ್ಲಿ ನಿಮಗೇನು ಗೊತ್ತಾಗುತ್ತೆ ಬಿಡಿ, ಗಂಡಸರ ವಿಷಯ" ಎಂದ ಹುಡುಗ. ಹಬ್ಬದ ದಿನ ಜಗಳ ಬೇಡ ಅಂತ ಸುಮ್ಮನಿದ್ದೆ. ಈಗ ಹಬ್ಬ ಮುಗಿದಿದೆ.

ಮೊದಲು ಕತ್ತಿಗೆ ಸಲ್ಲಬೇಕಾದ ಮರ್ಯಾದೆ ಸಲ್ಲಿಸಿಬಿಡುತ್ತೇನೆ. ಒಳ್ಳೆಯ ಉಕ್ಕಿನ ಕತ್ತಿ ಒಂದು ಜೀವಮಾನ ಬಾಳುತ್ತದೆ, ಮಗನಿಗೂ ಬರುತ್ತದೆ. ಎಸೆಯುವುದಕ್ಕೆ ಏನೂ ಇಲ್ಲ. ಬಳಸುವ ಮುಂಚೆ ತೊಗಲಿನ ಮೇಲೆ ಹಿಂದೆಮುಂದೆ ಎಳೆಯಬೇಕು, ಆಗಾಗ ಸಾಣೆಕಲ್ಲು ಹಿಡಿಸಬೇಕು. ಚರ್ಮಕ್ಕೆ ಸುಮಾರು ಮೂವತ್ತು ಡಿಗ್ರಿ ಓರೆಯಾಗಿ ಹಿಡಿದು, ಇನ್ನೊಂದು ಕೈಯಲ್ಲಿ ಚರ್ಮ ಬಿಗಿಯಾಗಿ ಎಳೆದುಕೊಂಡು, ಕೂದಲಿನ ವಾಲು ನೋಡಿಕೊಂಡು ಎಳೆದರೆ ನುಣ್ಣಗೆ ಬರುತ್ತದೆ. ನುರಿತ ಕೈಯಲ್ಲಿ ಅದು ನೋಡಲೂ ಚಂದ, ಒಪ್ಪಿದೆ. ಆದರೆ ಆ ಓರೆಯನ್ನು ಕಾಯುವ ಕೈ ಬೇಕು. ಸೇಫ್ಟಿ ರೇಜರಿನ ಕತೆ ಬೇರೆ. ಅದರಲ್ಲಿ ಓರೆಯನ್ನು ಉಪಕರಣವೇ ಬಹುಮಟ್ಟಿಗೆ ನಿರ್ಧರಿಸಿಬಿಟ್ಟಿದೆ. ತೆಳ್ಳನೆಯ ಬ್ಲೇಡನ್ನು ಎರಡು ತಗಡಿನ ನಡುವೆ ಬಗ್ಗಿಸಿ ಕೂರಿಸಿ, ಅಂಚು ಮಾತ್ರ ಕೂದಲೆಳೆಯಷ್ಟು ಇಣುಕುವಂತೆ ಮಾಡಿ, ಕೆಳಗೆ ಚರ್ಮ ತಡೆಯಲು ಬಾಚಣಿಗೆಯಂಥ ಒಂದು ಕಟ್ಟೆ. ಕೈ ನಡುಗಿದರೂ ಸಣ್ಣ ಗೀರು ಬಿದ್ದೀತು, ಅಷ್ಟೆ. ಅಂದರೆ ಕತ್ತಿಯ ವಿದ್ಯೆ ಮನುಷ್ಯನ ಕೈಯಲ್ಲಿತ್ತು, ಅದನ್ನು ತೆಗೆದು ಕಬ್ಬಿಣದ ಒಳಗೆ ಇಟ್ಟರು. ವ್ಯತ್ಯಾಸವೆಲ್ಲ ಇಷ್ಟೇ. ಇದರಲ್ಲಿ ಗಂಡಸರಿಗೆ ಮಾತ್ರ ಅರ್ಥವಾಗುವಂಥದ್ದು ಏನಿದೆಯೋ ನನಗೆ ಕಾಣೆ. ಒಂಬತ್ತನೇ ತರಗತಿಯ ಹುಡುಗಿಯರಿಗೆ ಇದಕ್ಕಿಂತ ಕಷ್ಟದ್ದನ್ನು ಹೇಳಿಕೊಟ್ಟಿದ್ದೇನೆ.

ಹಾಗಾದರೆ ಆ ವಿದ್ಯೆಯ ಕೈ ಯಾರದು? ನಮ್ಮ ಅಳಿಯ ಮಹಾಶಯ ಹೇಳುವ ಅಜ್ಜಂದಿರದಂತೂ ಅಲ್ಲ. ನಮ್ಮ ಕಡೆ ಹಳ್ಳಿಗಳಲ್ಲಿ ಅದು ಕ್ಷೌರಿಕನದು. ಆತ ಊರಿನ ಆಯಗಾರರಲ್ಲಿ ಒಬ್ಬ. ಸುಗ್ಗಿಯಲ್ಲಿ ಕಣಕ್ಕೆ ಬಂದು ವರ್ಷದ ಭತ್ತ ಒಯ್ಯಬೇಕು. ಅನೇಕ ಊರುಗಳಲ್ಲಿ ಆತನ ಹೆಂಡತಿಯೇ ಸೂಲಗಿತ್ತಿ, ನಮ್ಮೆಲ್ಲರ ಹೊಕ್ಕುಳಬಳ್ಳಿ ಕತ್ತರಿಸಿದವಳು. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರ ಆಪ್ತರಾಗಿದ್ದ ಹಡಪದ ಅಪ್ಪಣ್ಣ ಇವರವರೇ ಎಂದು ಇವತ್ತು ಜಯಂತಿ ಮಾಡುತ್ತೇವೆ, ಅಪ್ಪಣ್ಣನ ಹೆಂಡತಿ ಲಿಂಗಮ್ಮ ವಚನ ಬರೆದವಳು ಎಂದು ಮಕ್ಕಳಿಗೆ ಪಾಠ ಹೇಳುತ್ತೇವೆ. ಅದೇ ಬಾಯಲ್ಲಿ ಇವರ ಜಾತಿಯ ಹೆಸರನ್ನೇ ಬೈಗುಳ ಮಾಡಿಕೊಂಡಿದ್ದೇವೆ. ಹೊರಡುವಾಗ ಎದುರಾದರೆ ಅಪಶಕುನ, ಮುಟ್ಟಿಸಿಕೊಂಡರೆ ಸ್ನಾನ. ಗಂಟಲಿನ ನರದ ಮೇಲೆ ಕತ್ತಿ ಆಡಿಸಲು ಕುತ್ತಿಗೆ ಒಡ್ಡುವಷ್ಟು ನಂಬಿಕೆ ಇತ್ತು, ಜಗುಲಿ ಹತ್ತಿಸುವಷ್ಟು ಇರಲಿಲ್ಲ. ಕಲೆ, ತಪಸ್ಸು ಎಂಬ ದೊಡ್ಡ ಮಾತೆಲ್ಲ ಹುಟ್ಟಿದ್ದು ಆ ಕತ್ತಿ ಪೆಟ್ಟಿಗೆಯಲ್ಲಿ ಆರು ಸಾವಿರಕ್ಕೆ ಬರತೊಡಗಿದ ಮೇಲೆ.

ಇನ್ನು ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ.

ನನ್ನ ಅಜ್ಜಿ, ತಂದೆಯ ತಾಯಿ, ಹತ್ತೊಂಬತ್ತಕ್ಕೆ ವಿಧವೆಯಾದವಳು. ಕೈಯಲ್ಲಿ ಎಂಟು ತಿಂಗಳ ಕೂಸು ನನ್ನ ತಂದೆ. ನಾನು ನೋಡುವ ಹೊತ್ತಿಗೆ ಎಪ್ಪತ್ತು ದಾಟಿತ್ತು. ಕೆಂಪು ಸೀರೆ, ಬೋಳುತಲೆ, ತಲೆಯ ಮೇಲೆ ಸೆರಗು. ಹದಿನೈದು ದಿನಕ್ಕೊಮ್ಮೆ ನಸುಕಿನಲ್ಲಿ, ಬಾಲ್ಯದಲ್ಲಿ ನಾನು ಕೊಟ್ಟಿಗೆಯ ಕಡೆ ಹೋಗಬಾರದೆಂದು ಕಟ್ಟುನಿಟ್ಟು. ಹೋಗಬಾರದೆಂದರೆ ಹೋಗದೆ ಇರುವ ಮಗು ಯಾವುದು? ಹುಲ್ಲಿನ ಮೆದೆಯ ಹಿಂದೆ ನಿಂತು ನೋಡಿದ್ದೇನೆ. ಹಿತ್ತಿಲ ಬಾಗಿಲಿನಿಂದ ಆತ ಬರುತ್ತಿದ್ದ. ಹಡಪ ಬಿಚ್ಚಿ, ತಾಮ್ರದ ಬಟ್ಟಲಲ್ಲಿ ತಣ್ಣೀರು ಅದ್ದಿ ತಲೆ ನೆನೆಸುತ್ತಿದ್ದ. ಸೋಪಿಲ್ಲ, ಬಿಸಿನೀರಿಲ್ಲ. ಅಜ್ಜಿ ಮೊಣಕಾಲ ನಡುವೆ ತಲೆ ತಗ್ಗಿಸಿ ಕುಕ್ಕರಗಾಲಲ್ಲಿ ಕೂರುತ್ತಿದ್ದಳು. "ಸ್ವಲ್ಪ ಈ ಕಡೆ ತಿರುಗಿ ಅಮ್ಮಾ" ಅನ್ನುವುದು ಬಿಟ್ಟರೆ ಇಬ್ಬರಲ್ಲೂ ಮಾತಿಲ್ಲ. ಕತ್ತಿ ಎಳೆಯುವ ಸದ್ದು ಮಾತ್ರ, ತೆಂಗಿನಗರಿಯ ಕಡ್ಡಿ ಸವರುವಾಗ ಬರುತ್ತದಲ್ಲ, ಹಾಗೆ. ಮುಗಿದ ಮೇಲೆ ಬಾವಿಕಟ್ಟೆಯಲ್ಲಿ ತಲೆಯ ಮೇಲೆ ಹತ್ತು ಕೊಡ ನೀರು. ಆಮೇಲೆ ಅಜ್ಜಿ ಅಡುಗೆಮನೆಯ ಮೂಲೆಯಲ್ಲಿ ಕೂತು ತಲೆಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತ, ಗೀರು ಎಲ್ಲಿ ಬಿದ್ದಿದೆ ಎಂದು ಬೆರಳಲ್ಲಿ ಹುಡುಕುತ್ತಿದ್ದಳು.

ನನ್ನ ಮಟ್ಟಿಗೆ ಕ್ಷೌರದ ಕತ್ತಿ ಎಂದರೆ ಇದು. ಮಖಮಲ್ಲಿನ ಪೆಟ್ಟಿಗೆಯಲ್ಲ.

ಆತನ ಮೇಲೆ ನನಗೆ ಸಿಟ್ಟಿಲ್ಲ, ಸಿಟ್ಟು ಬರಬೇಕಾದ್ದೂ ಅಲ್ಲಿ ಅಲ್ಲ. ಇದನ್ನು ನನಗಿಂತ ಮುಂಚೆ ಅರ್ಥಮಾಡಿಕೊಂಡವರು ಕ್ಷೌರಿಕರೇ. 1890ರಲ್ಲಿ ಮುಂಬಯಿಯ ಕ್ಷೌರಿಕರು ನೂರಾರು ಜನ ಸಭೆ ಸೇರಿ, ಇನ್ನು ಮುಂದೆ ವಿಧವೆಯರ ತಲೆ ಬೋಳಿಸುವುದಿಲ್ಲ ಎಂದು ತೀರ್ಮಾನ ಮಾಡಿದರು. ಜೋತಿಬಾ ಫುಲೆಯವರ ಸತ್ಯಶೋಧಕ ಸಮಾಜದ ನಾರಾಯಣ ಮೇಘಾಜಿ ಲೋಖಂಡೆ ಅದರ ಬೆನ್ನಿಗಿದ್ದರು. ಯೋಚಿಸಿ ನೋಡಿ. ವೇದಶಾಸ್ತ್ರ ಓದಿದವರು ಶ್ಲೋಕ ಹುಡುಕುತ್ತ ಕೂತಿದ್ದಾಗ, ಅಕ್ಷರ ಬಾರದವರೆಂದು ನಾವು ಹೀಗಳೆದವರು ಬರುವ ಕಾಸನ್ನೂ ಬಿಟ್ಟು, ಈ ಪಾಪ ನಮ್ಮ ಕೈಯಿಂದ ಬೇಡ ಅಂದರು. ಅದಾಗಿ ಒಂಬತ್ತು ವರ್ಷಕ್ಕೆ, 1899ರಲ್ಲಿ, ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಬಂತು, ಕನ್ನಡದ ಮೊದಲ ಸಾಮಾಜಿಕ ಕಾದಂಬರಿ. ಅದರ ವಿಷಯವೂ ಬಾಲವಿಧವೆಯದೇ. ಎಂ. ಕೆ. ಇಂದಿರಾ ಅವರ 'ಫಣಿಯಮ್ಮ' 1976ರಲ್ಲಿ ಬಂದಾಗ ನಮ್ಮ ಕೊಟ್ಟಿಗೆಯಲ್ಲಿ ಇನ್ನೂ ಕತ್ತಿ ಆಡುತ್ತಿತ್ತು. ನಮ್ಮ ಮನೆಯ ಗಂಡಸರು ಪುಸ್ತಕ ಓದದವರೇನಲ್ಲ.

ಇತ್ತ ಅಮೆರಿಕದಲ್ಲಿ ಕಿಂಗ್ ಕ್ಯಾಂಪ್ ಜಿಲೆಟ್ ಎಂಬುವನಿಗೆ 1895ರಲ್ಲಿ, ಬಳಸಿ ಎಸೆಯುವ ತೆಳು ಬ್ಲೇಡಿನ ಯೋಚನೆ ಹೊಳೆಯಿತು. ಅಷ್ಟು ತೆಳ್ಳನೆಯ ಉಕ್ಕಿಗೆ ಅಂಚು ತರುವುದು ಆಗದ ಮಾತು ಎಂದರು ತಿಳಿದವರು. ನಿಕರ್ಸನ್ ಎಂಬ ಇಂಜಿನಿಯರ್ ಮಾಡಿ ತೋರಿಸಿದ. 1903ರಲ್ಲಿ ಮಾರಾಟಕ್ಕಿಟ್ಟಾಗ ವರ್ಷವಿಡೀ ಹೋದದ್ದು 51 ರೇಜರು, 168 ಬ್ಲೇಡು. ಮುಂದಿನ ವರ್ಷ ಪೇಟೆಂಟು ಸಿಕ್ಕಿತು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರಿಗೆ ಸರಕಾರವೇ ಲಕ್ಷಗಟ್ಟಲೆ ಹಂಚಿತು, ಯುದ್ಧ ಮುಗಿಸಿ ಬಂದವರು ಆ ಅಭ್ಯಾಸವನ್ನೂ ಮನೆಗೆ ತಂದರು. ಕಾಲಕ್ರಮದಲ್ಲಿ ನಮ್ಮ ಊರಿಗೂ ಬಂತು. ನನ್ನ ತಂದೆ ಕಿಟಕಿಯ ಸರಳಿಗೆ ಸಣ್ಣ ಕನ್ನಡಿ ಸಿಕ್ಕಿಸಿ, ಸೆವೆನ್ ಓ ಕ್ಲಾಕ್ ಬ್ಲೇಡಿನ ಕಾಗದ ಬಿಚ್ಚುವುದು ನನಗೆ ಚೆನ್ನಾಗಿ ನೆನಪಿದೆ. ಸ್ವಾವಲಂಬನೆ ಎಂದರೆ ಅದು. ಬಿಸಿನೀರಿನ ಲೋಟ ಮಾತ್ರ ಅಮ್ಮನೇ ತಂದಿಡಬೇಕು, ಮುಗಿದ ಮೇಲೆ ನೊರೆ, ಕೂದಲು ಅಂಟಿದ ಲೋಟ ತೊಳೆಯುವುದೂ ಅಮ್ಮನೇ. ಅಷ್ಟರಮಟ್ಟಿಗಿನ ಸ್ವಾವಲಂಬನೆ.

ಆ ಬ್ಲೇಡಿನ ಉಳಿದ ಆಯುಷ್ಯ ನಮ್ಮದು. ನನ್ನ ವಯಸ್ಸಿನ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಪ್ಪ ನಾಲ್ಕು ದಿನ ಬಳಸಿ ಇನ್ನು ಬೇಡ ಅಂದದ್ದನ್ನು ನಾವು ನಾಲ್ಕು ತಿಂಗಳು ಬಳಸುತ್ತಿದ್ದೆವು. ಎರಡಾಗಿ ಮುರಿದು ಅರ್ಧ ಪೆನ್ಸಿಲ್ ಚೂಪು ಮಾಡಲು ಜಾಮಿಟ್ರಿ ಬಾಕ್ಸಿಗೆ, ಅರ್ಧ ಅಮ್ಮನ ಹೊಲಿಗೆ ಡಬ್ಬಿಗೆ. ಲಂಗದ ಅಂಚು ಬಿಚ್ಚುವುದು, ಉಗುರು ತೆಗೆಯುವುದು, ಜಾಕೀಟಿನ ಹೊಲಿಗೆ ಸಡಿಲಿಸುವುದು ಎಲ್ಲ ಅದರಲ್ಲೇ. ಹೆಣ್ಣುಮಕ್ಕಳಿಗೆ ಬ್ಲೇಡು ಗೊತ್ತಿಲ್ಲ ಎಂದವರು ಯಾರು?

1977ರಲ್ಲಿ ನಮ್ಮ ಮನೆಗೆ ಬರುತ್ತಿದ್ದ ಕ್ಷೌರಿಕ ತೀರಿಕೊಂಡ. ಮಗ ಪೇಟೆಯಲ್ಲಿ ಸಲೂನು ಇಟ್ಟಿದ್ದ. ನನ್ನ ದೊಡ್ಡಪ್ಪ, ಎಂದರೆ ತಂದೆಯ ದಾಯಾದಿ ಅಣ್ಣ, ಹೋಗಿ ಕರೆದರು. ಆ ಹುಡುಗ ನಿಂತಲ್ಲೇ, "ಅದೊಂದು ನನ್ನ ಕೈಲಿ ಆಗಲ್ಲ ಸ್ವಾಮಿ" ಎಂದನಂತೆ. ದೊಡ್ಡಪ್ಪ ಉರಿದುಕೊಂಡು ಬಂದರು. ಅಜ್ಜಿಯ ತಲೆಯಲ್ಲಿ ಬೆಳ್ಳಗೆ, ರಾಗಿಯ ಮೊಳಕೆಯಷ್ಟು ಕೂದಲು ಬಂದಿತ್ತು. ಮಡಿಗೆ ಆಗದು, ಅವಳು ಮುಟ್ಟಿದ ಅಡುಗೆ ನೈವೇದ್ಯಕ್ಕೆ ಬಾರದು ಎಂದು ಮನೆಯಲ್ಲಿ ದೊಡ್ಡ ಚರ್ಚೆ. ಕಡೆಗೆ ದೊಡ್ಡಪ್ಪ ತಮ್ಮ ಸೇಫ್ಟಿ ರೇಜರಿಗೆ ಹೊಸ ಬ್ಲೇಡು ಹಾಕಿ ತಂದು ಅಮ್ಮನ ಮುಂದಿಟ್ಟರು. "ನೀನೇ ಮಾಡಿಬಿಡು. ಇದು ಕೊಯ್ಯೋದಿಲ್ಲ, ಸೇಫ್ಟಿ."

ಅಮ್ಮ ಅದನ್ನು ನೋಡಿದಳು, ಮುಟ್ಟಲಿಲ್ಲ. ನನ್ನ ಅಮ್ಮ ಬಾಯಿ ಜೋರಿನವಳಲ್ಲ, ದೊಡ್ಡವರ ಮುಂದೆ ಕೂತವಳೂ ಅಲ್ಲ. ಅವತ್ತು ಹೇಳಿದ್ದು ಇಷ್ಟೇ: "ನೀವೇ ಮಾಡಿ ಭಾವ. ಇಲ್ಲದಿದ್ದರೆ ಇವರು ಮಾಡಲಿ, ಅವರ ತಾಯಿಯಲ್ಲವಾ." ದೊಡ್ಡಪ್ಪ ಅಪ್ಪನ ಮುಖ ನೋಡಿದರು. ಅಪ್ಪ ಜನಿವಾರ ತಿರುವುತ್ತ ಅಂಗಳ ನೋಡಿದರು. ರೇಜರು ಆ ಕಂಬದ ಪಕ್ಕ ಎರಡು ದಿನ ಬಿದ್ದಿತ್ತು, ಆಮೇಲೆ ದೊಡ್ಡಪ್ಪನೇ ಒಯ್ದರು. ಐವತ್ತೈದು ವರ್ಷ ನಡೆದ ಶಾಸ್ತ್ರ ಆ ಕಂಬದ ಹತ್ತಿರ ಮುಗಿಯಿತು. ಯಾರೂ ಸುಧಾರಣೆ ಮಾಡಲಿಲ್ಲ, ಭಾಷಣ ಮಾಡಲಿಲ್ಲ. ಮಾಡಿಸಲು ಸಿದ್ಧವಿದ್ದವರಲ್ಲಿ ಒಬ್ಬರಿಗೂ ಮಾಡಲು ಕೈ ಬರಲಿಲ್ಲ, ಅಷ್ಟೆ.

ನನ್ನ ವಾದವೂ ಇಲ್ಲೇ ಇದೆ. ಕತ್ತಿ ಇದ್ದಷ್ಟು ದಿನ ಎಲ್ಲರಿಗೂ ಒಂದು ಮರೆ ಇತ್ತು. ಅದು ವಿದ್ಯೆ ಬೇಡುವ ಉಪಕರಣ. ಮಾಡುವವನು ಬೇರೆ, ಅವನಿಗೆ ಅದೇ ಕಸುಬು, ನಮಗೇನು ಸಂಬಂಧ ಎನ್ನಬಹುದಿತ್ತು. ಸೇಫ್ಟಿ ರೇಜರು ಬಂದು ಆ ಮರೆ ಕಿತ್ತುಹಾಕಿತು. ಇದನ್ನು ಯಾರು ಬೇಕಾದರೂ ಮಾಡಬಹುದು; ಹಾಗಾದರೆ ಮಾಡಿ ನೋಡೋಣ ಎಂದಿತು. ಈ ಒಂದು ಕಾರಣಕ್ಕೆ, ಗಡ್ಡ ನುಣ್ಣಗಾಗಲಿ ಒರಟಾಗಿರಲಿ, ನಾನು ಸೇಫ್ಟಿ ರೇಜರಿನ ಪಕ್ಷ.

ಅಜ್ಜಿ ಆಮೇಲೆ ಎರಡು ವರ್ಷ ಬದುಕಿದ್ದಳು. ಮೊದಮೊದಲು ಸೆರಗು ಜಾರಿದರೆ ಗಾಬರಿಯಾಗುತ್ತಿದ್ದಳು. ಕೂದಲು ಕತ್ತಿನವರೆಗೆ ಬಂತು, ಹತ್ತಿಯಷ್ಟು ಮೆತ್ತಗೆ. ಮಧ್ಯಾಹ್ನ ಯಾರೂ ಇಲ್ಲದಾಗ ನನ್ನನ್ನು ಕರೆದು ಬಾಚಣಿಗೆ ಕೈಗೆ ಕೊಡುತ್ತಿದ್ದಳು. "ಸಿಕ್ಕು ಇದೆಯಾ ನೋಡೇ" ಅನ್ನುತ್ತಿದ್ದಳು. ಅಷ್ಟು ಕೂದಲಲ್ಲಿ ಸಿಕ್ಕು ಎಲ್ಲಿಂದ ಬರಬೇಕು! ಇದೆ ಅಜ್ಜಿ, ಬಹಳ ಇದೆ ಎನ್ನುತ್ತಿದ್ದೆ.

ಹಾಗೆಂದು ಸೇಫ್ಟಿ ರೇಜರನ್ನು ದೇವರಮನೆಯಲ್ಲಿಡಿ ಎಂದು ನಾನು ಹೇಳುವುದಿಲ್ಲ. ಗಂಡಸರ ಕೈಗೆ ಸ್ವಾತಂತ್ರ್ಯವಾಗಿ ಬಂದದ್ದು ಹೆಂಗಸರ ಕೈಗೆ ನಾಚಿಕೆಯಾಗಿ ಬಂತು. 1915ರಲ್ಲಿ ಇದೇ ಜಿಲೆಟ್ ಕಂಪನಿ ಹೆಂಗಸರಿಗೆಂದು ಮೊದಲ ರೇಜರು ಮಾಡಿತು. ತೋಳಿಲ್ಲದ ಉಡುಪು ಆಗ ಅಲ್ಲಿ ಹೊಸ ಫ್ಯಾಶನ್. ಕಂಕುಳ ಕೂದಲು ಮುಜುಗರದ ಸಂಗತಿ ಎಂದು ಜಾಹೀರಾತು ಹೇಳಿತು. ಅಲ್ಲಿಯವರೆಗೆ ಅದು ಯಾರಿಗೂ ಸಮಸ್ಯೆಯಾಗಿರಲಿಲ್ಲ. ಅಂಗಡಿಯವನು ಮೊದಲು ರೋಗ ಮಾರಿ ಆಮೇಲೆ ಮದ್ದು ಮಾರಿದ. ನೂರು ವರ್ಷ ಕಳೆದು ಆ ನಾಚಿಕೆ ನನ್ನ ತರಗತಿಗೂ ಬಂದಿದೆ. ಅಪ್ಪನ ರೇಜರನ್ನು ಕದ್ದು, ಒಣ ಕಾಲಿನ ಮೇಲೆ ಎಳೆದು, ಹಿಮ್ಮಡಿಯ ಮೇಲೆ ಉದ್ದ ಗೀರು ಮಾಡಿಕೊಂಡು ಬಂದ ಹುಡುಗಿಗೆ ಸ್ಟಾಫ್ ರೂಮಿನಲ್ಲಿ ನಾನೇ ಪಟ್ಟಿ ಕಟ್ಟಿದ್ದೇನೆ. ಬೋಳಿಸಿದರೆ ಕೂದಲು ದಪ್ಪ ಬರುತ್ತೆ ಅಂತ ಅವಳಿಗೆ ಇನ್ನೊಂದು ಹೆದರಿಕೆ. ಹಾಗೇನೂ ಇಲ್ಲ. ಬೇರು ಚರ್ಮದ ಒಳಗಿದೆ, ಬ್ಲೇಡು ಅಲ್ಲಿಗೆ ತಲುಪುವುದಿಲ್ಲ. ತುದಿ ಮೊಂಡಾಗಿರುವುದರಿಂದ ಒರಟು ಅನ್ನಿಸುತ್ತದೆ ಅಷ್ಟೆ. ತೆಗೆಯಬೇಕು ಅನ್ನಿಸಿದರೆ ಚರ್ಮ ಬೆಚ್ಚಗಿನ ನೀರಿನಲ್ಲಿ ನೆನೆಸಿ, ಸೋಪು ಹಚ್ಚಿ, ನಿನ್ನದೇ ಬ್ಲೇಡಿನಲ್ಲಿ ತೆಗಿ, ಅನ್ನಿಸದಿದ್ದರೆ ಬಿಡು ಎಂದೆ. ಮೇಡಂ ಹೀಗೆ ಹೇಳಿದರು ಎಂದು ಅವಳ ತಾಯಿ ಮರುದಿನ ಜಗಳಕ್ಕೆ ಬಂದಿದ್ದರು, ಅದು ಬೇರೆ ಮಾತು.

ಹೆರಿಗೆಮನೆಯ ವಿಷಯವನ್ನಂತೂ ನಾವು ಯಾರೂ ಬಾಯಿಬಿಟ್ಟು ಹೇಳಿಕೊಂಡಿಲ್ಲ. 1994ರಲ್ಲಿ ನನ್ನ ಚೊಚ್ಚಲ ಹೆರಿಗೆ, ಒಂದು ಪೇಟೆಯ ನರ್ಸಿಂಗ್ ಹೋಮಿನಲ್ಲಿ. ನೋವು ತಿನ್ನುತ್ತ ಮಲಗಿದ್ದಾಗ ಆಯಾ ಬಂದು, ಕೇಳದೆ ಹೇಳದೆ ಬಟ್ಟೆ ಸರಿಸಿ, ರೇಜರು ಆಡಿಸಲು ಶುರುಮಾಡಿದಳು. ಹೊಸ ಬ್ಲೇಡೇನಮ್ಮಾ ಎಂದು ಕೇಳಿದ್ದಕ್ಕೆ, "ಎಲ್ಲರಿಗೂ ಇದೇ, ಸುಮ್ನೆ ಮಲಕ್ಕೊಳ್ಳಿ" ಅಂದಳು. ಆ ಕ್ಷಣಕ್ಕೆ ನನಗೆ ಕಂಡದ್ದು ಕೊಟ್ಟಿಗೆಯಲ್ಲಿ ತಲೆ ತಗ್ಗಿಸಿ ಕೂತ ಅಜ್ಜಿ. ಉಪಕರಣದ ಹೆಸರು ಸೇಫ್ಟಿ, ಆದರೆ ಹಿಡಿದ ಕೈ ನನ್ನದಲ್ಲ, ಬೇಡ ಅನ್ನುವ ಬಾಯಿ ನನಗಿಲ್ಲ. ಆಮೇಲೆ ವಾರಗಟ್ಟಲೆ ಆ ಗೀರುಗಳ ಉರಿ ಬೇರೆ. ಇದು ಶುಚಿತ್ವಕ್ಕಾಗಿ ಎಂದು ಆಗ ನಂಬಿಸಿದ್ದರು. ಹೆರಿಗೆಗೆ ಮುಂಚೆ ಎಲ್ಲರಿಗೂ ಹೀಗೆ ಬೋಳಿಸುವ ಪದ್ಧತಿ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರ ತನ್ನ ಶಿಫಾರಸಿನಲ್ಲಿ ಹೇಳಿದೆ. ಶಸ್ತ್ರಚಿಕಿತ್ಸೆಗೆ ಮುಂಚೆ ಕೂಡ ಕೂದಲು ತೆಗೆಯದಿದ್ದರೆ ಒಳ್ಳೆಯದು, ತೆಗೆಯಲೇಬೇಕಾದರೆ ಕ್ಲಿಪ್ಪರಿನಲ್ಲಿ ಕತ್ತರಿಸಿ, ರೇಜರು ಆಡಿಸಬೇಡಿ ಎಂದು 2016ರಲ್ಲೇ ಹೇಳಿದೆ. ಕಣ್ಣಿಗೆ ಕಾಣದ ಸಣ್ಣ ಗೀರುಗಳಲ್ಲೇ ಸೋಂಕು ಮನೆಮಾಡುವುದು. ಮಗಳನ್ನೋ ಸೊಸೆಯನ್ನೋ ಹೆರಿಗೆಗೆ ಕರೆದೊಯ್ಯುವವರು ಇದನ್ನು ತಿಳಿದಿರಿ, ಡಾಕ್ಟರ ಹತ್ತಿರ ಮುಂಚೆಯೇ ಕೇಳಿ. ಕೇಳಲು ನಾಚಿಕೆಯಾದರೆ, ಅವರು ಮಾಡುವಾಗ ಆಗುವ ನಾಚಿಕೆ ನೆನೆಸಿಕೊಳ್ಳಿ.

ಮತ್ತೆ ಗಡ್ಡಕ್ಕೆ ಬರೋಣ. ಸಲೂನುಗಳಲ್ಲಿ ಹಳೆಯ ಕತ್ತಿ ಈಗ ಅಪರೂಪ. ಅದೇ ಆಕಾರದ ಹಿಡಿಗೆ ಮುರಿದ ಅರ್ಧ ಬ್ಲೇಡು ಸಿಕ್ಕಿಸಿ, ಒಬ್ಬರಿಗೆ ಬಳಸಿ ಎಸೆಯುತ್ತಾರೆ. ತೊಂಬತ್ತರ ದಶಕದ ಏಡ್ಸ್ ಭಯ ಈ ಒಂದು ಒಳ್ಳೆಯ ಕೆಲಸ ಮಾಡಿತು. ನಿಜಕ್ಕೂ ಹೆದರಬೇಕಾದ್ದು ಹೆಪಟೈಟಿಸ್-ಬಿ ಕಾಮಾಲೆಗೆ. ಅದರ ವೈರಸ್ಸು ಒಣಗಿದ ರಕ್ತದ ಕಲೆಯಲ್ಲೂ ಏಳು ದಿನ ಬದುಕಿರಬಲ್ಲದು. ಹಿಂದೆ ಒಂದೇ ಕತ್ತಿ ಇಡೀ ಊರಿನ ಕೆನ್ನೆಯ ಮೇಲೆ ಓಡಾಡಿದ ಕಾಲದಲ್ಲಿ ಯಾರ ರೋಗ ಯಾರಿಗೆ ಹೋಯಿತೋ, ಲೆಕ್ಕ ಇಟ್ಟವರಿಲ್ಲ. ಪಟಿಕ ಉಜ್ಜಿದರೆ ರಕ್ತ ನಿಂತೀತು, ವೈರಸ್ಸು ಸಾಯುವುದಿಲ್ಲ. ಹಿಂದಿನದೆಲ್ಲ ಆರೋಗ್ಯಕರ ಎನ್ನುವವರು ಇದಕ್ಕೆ ಉತ್ತರ ಹೇಳಲಿ.

ಹುಡುಗನ ವಾದದಲ್ಲಿ ತಿರುಳಿದ್ದದ್ದು ಕಸದ ವಿಷಯ ಒಂದೇ. ಐದೈದು ಬ್ಲೇಡಿನ ಪ್ಲಾಸ್ಟಿಕ್ಕು ತಲೆಗಳು, ಎರಡು ದಿನಕ್ಕೆ ಎಸೆಯುವ ಬಣ್ಣಬಣ್ಣದ ರೇಜರುಗಳು ಇವೆಲ್ಲ ಕೊಳೆಯದ ಕಸ, ನಿಜ. ಹೆಂಗಸರದು ಎಂದು ಗುಲಾಬಿ ಬಣ್ಣ ಬಳಿದು ಹೆಚ್ಚು ಬೆಲೆ ಹಾಕುವುದೂ ಉಂಟು. ಆದರೆ ಅದು ನಮ್ಮ ಮನೆಯವರ ಹಳೆಯ ಉಕ್ಕಿನ ರೇಜರಿನ ತಪ್ಪಲ್ಲ. ಅದರಲ್ಲಿ ಎಸೆಯುವುದು ಒಂದು ಎಲೆ ಉಕ್ಕು ಮಾತ್ರ. ಎಸೆಯುವ ರೀತಿ ಮಾತ್ರ ಕಲಿಯಬೇಕು. ತರಕಾರಿ ಸಿಪ್ಪೆಯ ಜೊತೆ ಬ್ಲೇಡು ಹಾಕಿದರೆ ಮರುದಿನ ಅದು ಪೌರಕಾರ್ಮಿಕ ಹೆಂಗಸಿನ ಬೆರಳು ಕೊಯ್ಯುತ್ತದೆ. ನಾನು ಹಳೆಯ ಹಾಲಿನಪುಡಿ ಡಬ್ಬದ ಮುಚ್ಚಳಕ್ಕೆ ಸೀಳು ಮಾಡಿ, ಹುಂಡಿಯ ಹಾಗೆ ಇಟ್ಟಿದ್ದೇನೆ. ಹತ್ತು ವರ್ಷವಾಯಿತು, ಇನ್ನೂ ತುಂಬಿಲ್ಲ.

ಹಬ್ಬದ ಮೂರನೆಯ ದಿನ, ಬಲಿಪಾಡ್ಯಮಿಯ ಬೆಳಿಗ್ಗೆ, ಹುಡುಗ ದವಡೆಯ ಮೇಲೆ ದಿನಪತ್ರಿಕೆಯ ಚೂರು ಅಂಟಿಸಿಕೊಂಡು ಕಾಫಿಗೆ ಬಂದ. ಯಾರೂ ಏನೂ ಕೇಳಲಿಲ್ಲ. ಸಂಜೆ ಹೊರಡುವ ಮುಂಚೆ ಬಚ್ಚಲಿಗೆ ಹೋದವನು ಬಾಗಿಲು ಸಂದಿಯಿಂದ ತಲೆ ಹಾಕಿ, "ಚಿಕ್ಕಪ್ಪ, ನಿಮ್ಮ ರೇಜರ್ ಎಲ್ಲಿಟ್ಟಿದೀರ?" ಎಂದು ಮೆಲ್ಲಗೆ ಕೇಳಿದ. ಬಿಸಿನೀರು ಬೇಕಿತ್ತು ಚಿಕ್ಕಮ್ಮ, ಎಂದೂ ಕೇಳಿದ. ಹಂಡೆ ಅಲ್ಲೇ ಇದೆ, ತೋಡಿಕೋ ಎಂದೆ.